ಕೀ ತೆಗೆದ ಮೇಲೂ ಗಡಿಯಾರ ಓಡುತ್ತಿತ್ತು

ನಮ್ಮ ಮನೆಯ ಹಳೇ ಆಲ್ಟೊ ಕಾರಿಗೆ ವಾರದಲ್ಲಿ ಎರಡೇ ದಿನ ಕೆಲಸ. ಮಂಗಳವಾರ ಮತ್ತು ಶುಕ್ರವಾರ. ಆದರೆ ಆ ಎರಡು ದಿನ ಅದು ಕೈಕೊಡುವಂತಿಲ್ಲ. ಬೆಳಿಗ್ಗೆ ಐದೂವರೆಗೆ ಅಪ್ಪ ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕೆ.ಆರ್. ನಗರದಿಂದ ಮೈಸೂರಿಗೆ ಹೊರಡುತ್ತಾರೆ. ಏಳು ಗಂಟೆಗೆ ಅಜ್ಜಿಗೆ ಡಯಾಲಿಸಿಸ್. ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ, ಸುಸ್ತಾಗಿ, ಮತ್ತೆ ಅದೇ ನಲವತ್ತು ಕಿಲೋಮೀಟರ್ ವಾಪಸ್. ಉಳಿದ ದಿನ ಅಪ್ಪ ಗೊಬ್ಬರದ ಅಂಗಡಿಯ ಲೆಕ್ಕ ಬರೆಯಲು ಮೊಪೆಡ್‌ನಲ್ಲೇ ಹೋಗುತ್ತಾರೆ. ಕಾರು ಟಾರ್ಪಾಲ್ ಹೊದ್ದು ಮನೆ ಮುಂದೆ ನಿಂತಿರುತ್ತದೆ.

ಸೆಮಿಸ್ಟರ್ ರಜೆಯಲ್ಲಿ ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ದಾರಿಯುದ್ದಕ್ಕೂ ಮೂವರೂ ಮೌನ. ಅಪ್ಪ ಮೊದಲೇ ಮಿತಭಾಷಿ. ಕಾರಿನಲ್ಲಿದ್ದ ಕ್ಯಾಸೆಟ್ ಪ್ಲೇಯರ್ ನಾವು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೇ ಸತ್ತಿತ್ತು. ಅಜ್ಜಿ ಅದರ ಗುಂಡಿಯನ್ನು ಸುಮ್ಮನೆ ತಿರುಗಿಸುತ್ತಾ, ‘ಇದು ಮಾತಾಡೋ ಹಂಗಿದ್ರೆ ದಾರಿ ಸಾಗೋದು ಕಣ್ಲಾ ಮಗಾ’ ಅಂದಳು. ಮನೆಯಲ್ಲಿ ಬೆಳಿಗ್ಗೆ ರೇಡಿಯೊದಲ್ಲಿ ಪ್ರದೇಶ ಸಮಾಚಾರ ಕೇಳದೆ ಕಾಫಿ ಕುಡಿಯದ ಹೆಂಗಸು ಅವಳು.

ನಾನು ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್ ಓದುತ್ತಿರುವವನು. ನಾಲ್ಕನೇ ಸೆಮಿಸ್ಟರ್ ಮುಗಿಸಿದ್ದೆ. ಹೈಸ್ಕೂಲ್ ಹುಡುಗರಿಗೆ ಟ್ಯೂಷನ್ ಹೇಳಿ ಉಳಿಸಿದ ಎರಡೂವರೆ ಸಾವಿರ ರೂಪಾಯಿ ಕೈಯಲ್ಲಿತ್ತು. ‘ಸೆಟ್ ನಾನು ತರ್ತೀನಿ, ನಾನೇ ಕೂರಿಸ್ತೀನಿ’ ಅಂದೆ. ಅಪ್ಪ ಕನ್ನಡಿಯಲ್ಲಿ ಒಮ್ಮೆ ನನ್ನ ಮುಖ ನೋಡಿದರು, ಅಷ್ಟೆ.

ಮೈಸೂರಿನ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಟಿ.ವಿ.ಯಷ್ಟು ದೊಡ್ಡ ಆ್ಯಂಡ್ರಾಯ್ಡ್ ಸ್ಕ್ರೀನುಗಳು. ನನ್ನ ಬಜೆಟ್ಟಿಗೂ ಅವಕ್ಕೂ ದೂರ. ಜೊತೆಗೆ ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿರುವುದು ಸಿಂಗಲ್ ಡಿನ್ ಕಿಂಡಿ. ಡಿನ್ ಎಂದರೆ ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ಅವರು ನಿಗದಿ ಮಾಡಿದ ಅಳತೆ ಆಮೇಲೆ ಅಂತರರಾಷ್ಟ್ರೀಯ ಮಾನಕವಾಗಿ ಜಗತ್ತಿನ ಕಾರುಗಳಿಗೆಲ್ಲ ಬಂತು: 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಡಬಲ್ ಡಿನ್ ಆದರೆ ಎತ್ತರ 100. ಸೆಟ್ ಕೊಳ್ಳುವ ಮೊದಲು ಸ್ಕೇಲ್ ಹಿಡಿದು ಈ ಕಿಂಡಿ ಅಳೆದುಕೊಂಡರೆ ಅರ್ಧ ತಲೆನೋವು ಕಡಿಮೆ.

ಸಿಂಗಲ್ ಡಿನ್‌ನಲ್ಲೇ ಎಫ್.ಎಂ., ಯು.ಎಸ್.ಬಿ., ಬ್ಲೂಟೂತ್ ಇರುವ ಒಂದು ಸೆಟ್ಟಿಗೆ 1,450 ರೂಪಾಯಿ ಹೇಳಿದರು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘50 ವ್ಯಾಟ್ × 4’ ಎಂದಿತ್ತು. ಎರಡು ವರ್ಷ ಇಂಜಿನಿಯರಿಂಗ್ ಓದಿದ್ದಕ್ಕೆ ಅಲ್ಲೇ ನಿಂತು ಒಂದು ಲೆಕ್ಕ ಹಾಕಿದೆ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಹೆಚ್ಚೆಂದರೆ 14.4. ಸ್ಪೀಕರ್ 4 ಓಮ್. ಸೈನ್ ತರಂಗದ ತುದಿ 14.4 ವೋಲ್ಟ್ ಮುಟ್ಟಿದರೂ ಅದರ ಆರ್.ಎಂ.ಎಸ್. ಬೆಲೆ ಸುಮಾರು 10.2. ಅದರ ವರ್ಗವನ್ನು ನಾಲ್ಕರಿಂದ ಭಾಗಿಸಿದರೆ 26 ವ್ಯಾಟ್. ಚಿಪ್‌ನಲ್ಲಿ ಆಗುವ ನಷ್ಟ ಕಳೆದರೆ ಇನ್ನೂ ಕಡಿಮೆ. ಹಾಗಾದರೆ 50 ಎಲ್ಲಿಂದ ಬಂತು? 14.4ರ ವರ್ಗವನ್ನೇ ನೇರವಾಗಿ ನಾಲ್ಕರಿಂದ ಭಾಗಿಸಿ ನೋಡಿ, 51.8 ಬರುತ್ತದೆ. ಅಂದರೆ ಸಂಗೀತವೇ ಅಲ್ಲದ, ತಲೆ ಕತ್ತರಿಸಿದ ಚೌಕ ತರಂಗಕ್ಕೆ ಸಿಗುವ ಅಂಕಿ ಅದು. ಸೆಟ್ಟಿನ ಬೆನ್ನಿಗಿದ್ದ ಫ್ಯೂಸ್ ಕೂಡ ಅದನ್ನೇ ಹೇಳುತ್ತಿತ್ತು. 200 ವ್ಯಾಟ್ ನಿಜವಾಗಿದ್ದರೆ ಸುಮಾರು 14 ಆಂಪಿಯರ್ ಬೇಕು. ಅಲ್ಲಿದ್ದದ್ದು 10 ಆಂಪಿಯರ್ ಫ್ಯೂಸ್.

ಆದರೂ ಆ ಸೆಟ್ಟನ್ನೇ ಕೊಂಡೆ. ಅಜ್ಜಿಗೆ ವಾರ್ತೆ ಕೇಳಲು ಹತ್ತು ವ್ಯಾಟೂ ಬೇಕಿಲ್ಲ. ನಾನು ನೋಡಿದ್ದು ಬೇರೆ ಮೂರು ಸಂಗತಿ: ವಾಲ್ಯೂಮಿಗೆ ತಿರುಗಿಸುವ ಗುಂಡಿ ಇದೆಯೇ (ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಕೈ ಹಾಕಬೇಕು), ಹಿಂಬದಿಯಲ್ಲಿ ಫ್ಯೂಸ್ ಇದೆಯೇ, ಮೇಲೆ ವೈರಿಂಗ್ ಚಿತ್ರ ಅಂಟಿಸಿದ್ದಾರೆಯೇ. ಮೂರೂ ಇದ್ದವು. ‘ಫಿಟ್ಟಿಂಗ್‌ಗೆ ಏಳುನೂರು, ಅರ್ಧ ಗಂಟೇಲಿ ಮುಗೀತದೆ’ ಎಂದರು ಅಂಗಡಿಯವರು. ‘ಬೇಡಣ್ಣ, ನಾನೇ ಮಾಡ್ಕೋತೀನಿ’ ಎಂದು ಹೆಮ್ಮೆಯಿಂದ ಹೇಳಿ ರೈಲು ಹತ್ತಿದೆ.

ಮಂಗಳವಾರ ಮಧ್ಯಾಹ್ನ ಅಜ್ಜಿ ಮನೆಗೆ ಬಂದ ಮೇಲೆ ಕೆಲಸ ಶುರು. ಹಳೇ ಸೆಟ್ ಎಳೆದಾಗ ಹಿಂದೆ ಕಂಡದ್ದು ಹಾವಿನ ಗೂಡು. ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಕಂಪನಿಯ ಕನೆಕ್ಟರ್ ಕತ್ತರಿಸಿ, ಸಿಕ್ಕ ವೈರಿಗೆ ಸಿಕ್ಕ ವೈರು ಸುತ್ತಿ ಟೇಪ್ ಹಾಕಿದ್ದರು. ಬಿಸಿಲಿಗೆ ಟೇಪಿನ ಅಂಟು ಕರಗಿ ಕೈಗೆಲ್ಲ ಮೆತ್ತಿಕೊಳ್ಳುತ್ತಿತ್ತು.

ಹೊಸ ಸೆಟ್ಟಿನ ಕಡೆ ಬಣ್ಣಗಳು ಸ್ಪಷ್ಟ. ಮಾರುಕಟ್ಟೆಯ ಬಹುತೇಕ ಸೆಟ್ಟುಗಳಲ್ಲಿ ಇದೇ ರೂಢಿ: ಹಳದಿ ವೈರ್ ಯಾವಾಗಲೂ ಬ್ಯಾಟರಿಯ 12 ವೋಲ್ಟ್‌ಗೆ, ಗಡಿಯಾರ ಮತ್ತು ಸ್ಟೇಷನ್ ನೆನಪಿಟ್ಟುಕೊಳ್ಳಲು. ಕೆಂಪು ವೈರ್, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಆ್ಯಕ್ಸೆಸರಿ ಲೈನಿಗೆ. ಕಪ್ಪು, ಕಾರಿನ ಬಾಡಿಗೆ ಅರ್ತ್. ಬಿಳಿ ಜೋಡಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಪ್ರತಿ ಜೋಡಿಯಲ್ಲಿ ಕಪ್ಪು ಗೆರೆ ಇರುವುದು ನೆಗೆಟಿವ್.

ಕಾರಿನ ಕಡೆ ಮಾತ್ರ ಕರೆಂಟ್ ಬರುವ ಎರಡು ವೈರುಗಳೂ ಕೆಂಪು! ಮೊದಲ ವರ್ಷ 350 ರೂಪಾಯಿಗೆ ಕೊಂಡ ಮಲ್ಟಿಮೀಟರ್ ತೆಗೆದೆ. ಕೀ ತಿರುಗಿಸಿ ಒಂದನ್ನು ಮುಟ್ಟಿಸಿದೆ, 12.4. ಇನ್ನೊಂದು, 12.4. ಎರಡರಲ್ಲೂ ಕರೆಂಟ್ ಇದೆ, ಸರಿ ಎಂದುಕೊಂಡೆ. ಅದರಲ್ಲಿ ಒಂದರ ತುದಿ ತುಕ್ಕು ಹಿಡಿದಿತ್ತು. ಅದನ್ನು ಬಿಟ್ಟು, ಚೆನ್ನಾಗಿದ್ದ ಒಂದಕ್ಕೇ ಹಳದಿ ಮತ್ತು ಕೆಂಪು ಎರಡನ್ನೂ ಸೇರಿಸಿ ಟೇಪ್ ಸುತ್ತಿದೆ. ಮುಂದಿನ ಎರಡು ಸ್ಪೀಕರ್ ಜೋಡಿಸಿದೆ. ಬ್ಲೂಟೂತ್‌ನಲ್ಲಿ ಹಾಡು ಬಂತು. ಅಮ್ಮ ಬಾಗಿಲಿಗೆ ಬಂದು ನಕ್ಕರು. ಹೊತ್ತು ಮುಳುಗಿತ್ತು. ಹಿಂದಿನ ಸ್ಪೀಕರ್, ಎಫ್.ಎಂ. ಎಲ್ಲ ಆಮೇಲೆ ನೋಡೋಣ ಎಂದು ಗುಂಡಿ ಒತ್ತಿದೆ. ಶಬ್ದ ನಿಂತಿತು. ಕೀ ತೆಗೆದ ಮೇಲೂ ಸೆಟ್ಟಿನಲ್ಲಿ ನೀಲಿ ಗಡಿಯಾರ ಕಾಣುತ್ತಿತ್ತು. ನೆನಪಿನ ವೈರ್ ಇರುವುದೇ ಅದಕ್ಕಲ್ಲವೇ ಎಂದು ನನಗೆ ನಾನೇ ಪಾಠ ಹೇಳಿಕೊಂಡು ಟಾರ್ಪಾಲ್ ಎಳೆದೆ.

ಶುಕ್ರವಾರ ಬೆಳಿಗ್ಗೆ ಐದೂವರೆ. ಅಜ್ಜಿ ಶಾಲು ಹೊದ್ದು ಸೀಟಿನಲ್ಲಿ ಕೂತಿದ್ದಳು. ಅಪ್ಪ ಕೀ ತಿರುಗಿಸಿದರು. ಟಕ್. ಮತ್ತೆ ತಿರುಗಿಸಿದರು. ಟಕ್. ಅಷ್ಟೇ.

ಟಾರ್ಪಾಲಿನ ಕೆಳಗೆ ಎರಡೂವರೆ ದಿನ ಆ ಸೆಟ್ಟು ಆಫ್ ಆಗಿರಲೇ ಇಲ್ಲ. ನಾನು ಒತ್ತಿದ್ದು ಮ್ಯೂಟ್. ಒಮ್ಮೆ ಒತ್ತಿದರೆ ಶಬ್ದ ನಿಲ್ಲುತ್ತದೆ, ಒತ್ತಿ ಹಿಡಿದರೆ ಮಾತ್ರ ಆಫ್. ಸರಿಯಾಗಿ ಜೋಡಿಸಿದ್ದರೆ ಕೀ ತೆಗೆದೊಡನೆ ತಾನಾಗಿಯೇ ಆಫ್ ಆಗಬೇಕಿತ್ತು.

ಅಕ್ಕಪಕ್ಕದವರು ಬಂದು ತಳ್ಳಿದರು. ಇಂಜೆಕ್ಷನ್ ಗಾಡಿ, ಬ್ಯಾಟರಿ ಅಷ್ಟು ಬತ್ತಿದ ಮೇಲೆ ತಳ್ಳಿದರೂ ಜಗ್ಗಲಿಲ್ಲ. ಕೊನೆಗೆ ಹಾಲಿನ ವ್ಯಾನಿನವರು ಬಂದು ಜಂಪರ್ ಕೇಬಲ್ ಹಾಕಿ ಎಬ್ಬಿಸಿಕೊಟ್ಟರು. ಮೈಸೂರು ತಲುಪುವಷ್ಟರಲ್ಲಿ ಅಜ್ಜಿಯ ಸರದಿ ದಾಟಿತ್ತು. ಮುಂದಿನ ಸರದಿ ಹನ್ನೊಂದಕ್ಕೆ. ಕಾಲು ಊದಿಕೊಂಡ ಅಜ್ಜಿ ಅಲ್ಲಿಯವರೆಗೆ ಬೆಂಚಿನ ಮೇಲೆ ಕೂತಿದ್ದಳು. ಅವಳಿಗೆ ದಿನಕ್ಕೆ ಕುಡಿಯುವ ನೀರಿಗೂ ಲೆಕ್ಕ ಇದೆ. ಬಾಯಾರಿದರೂ ಸುಮ್ಮನೆ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದಳು. ‘ಪರವಾಗಿಲ್ಲ ಕಣ್ಲಾ, ನೀನೇನು ಬೇಕೂಂತ ಮಾಡ್ದಾ’ ಎಂದು ನನ್ನನ್ನೇ ಸಮಾಧಾನ ಮಾಡಿದಳು. ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಸಂಜೆ ಮನೆಗೆ ಬಂದ ಮೇಲೆ ಒಂದೇ ಮಾತು: ‘ನಾಳೆ ಅಂಗಡೀಗೆ ಕೊಟ್ಟು ಸರಿ ಮಾಡ್ಸೋಣ.’

ರಾತ್ರಿ ನಿದ್ದೆ ಬರಲಿಲ್ಲ. ನನಗೆ ಗೊತ್ತಿರದ ವಿಷಯದಲ್ಲಿ ಸೋತಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಸ್ವಿಚ್ ಆದ ಲೈನು, ಆಗದ ಲೈನು ಎಂಬುದು ಪಿ.ಯು. ಹುಡುಗನಿಗೂ ಗೊತ್ತು. ನಾನು ಅಳೆದದ್ದೂ ನಿಜ. ಆದರೆ ಕೀ ಹಾಕಿದಾಗ ಮಾತ್ರ ಅಳೆದೆ, ಕೀ ತೆಗೆದು ಅಳೆಯಲಿಲ್ಲ. ಬೇಕಾದ ಉತ್ತರ ಬಂದ ಕೂಡಲೇ ಮೀಟರ್ ಕೆಳಗಿಟ್ಟೆ.

ಯಾಕೆ ಹಾಗೆ ಮಾಡಿದೆ ಎಂದು ಯೋಚಿಸಿದಾಗ ನೆನಪಾದದ್ದು ನಮ್ಮ ಲ್ಯಾಬ್ ರೆಕಾರ್ಡ್. ಸತ್ಯ ಹೇಳುತ್ತೇನೆ, ನೀವೂ ಮಾಡಿರುತ್ತೀರಿ. ಸೀನಿಯರ್‌ಗಳ ರೆಕಾರ್ಡ್ ಎದುರಿಗಿಟ್ಟುಕೊಂಡು ರೀಡಿಂಗ್ ಬರೆಯುತ್ತೇವೆ. ಗ್ರಾಫ್ ನೇರವಾಗಿ ಬರಲಿ ಎಂದು ಒಂದೆರಡು ಅಂಕಿ ತಿದ್ದುತ್ತೇವೆ. ಕೊನೆಗೆ ‘ಫಲಿತಾಂಶವನ್ನು ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ. ಎರಡು ವರ್ಷದಲ್ಲಿ ನನ್ನ ಒಂದು ಪ್ರಯೋಗವೂ ವಿಫಲವಾಗಿಲ್ಲ! ಉತ್ತರ ಮೊದಲು, ಅಳತೆ ಆಮೇಲೆ ಎಂಬುದು ಕೈಗೆ ರೂಢಿಯಾಗಿಬಿಟ್ಟಿತ್ತು. ಆಲ್ಟೊ ಕಾರಿಗೆ ಸೀನಿಯರ್ ಇರಲಿಲ್ಲ.

ಬೆಳಿಗ್ಗೆ ಅಪ್ಪನ ಹತ್ತಿರ ಭಾನುವಾರ ಸಂಜೆಯವರೆಗೆ ಟೈಮ್ ಕೇಳಿದೆ. ‘ಮಂಗಳವಾರ ಗಾಡಿ ಬೇಕು’ ಎಂದರು. ಅದು ಒಪ್ಪಿಗೆಯೋ ಎಚ್ಚರಿಕೆಯೋ, ಎರಡೂ ಇರಬಹುದು.

ಈ ಸಲ ಏನನ್ನೂ ಬಿಚ್ಚುವ ಮೊದಲು ನೋಟ್‌ಬುಕ್ ತೆರೆದೆ. ಮೊದಲ ಅಳತೆ ನನ್ನ ತಪ್ಪಿನದೇ. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಕಳಚಿ, ಮೀಟರನ್ನು 10 ಆಂಪಿಯರ್ ರೇಂಜಿಗಿಟ್ಟು ನಡುವೆ ಜೋಡಿಸಿದೆ. (ಹೀಗೆ ಜೋಡಿಸಿದಾಗ ತಪ್ಪಿಯೂ ಸ್ಟಾರ್ಟ್ ಮಾಡಬಾರದು, ಮೀಟರ್ ಸುಟ್ಟುಹೋಗುತ್ತದೆ.) ಸೆಟ್ಟನ್ನು ಮಂಗಳವಾರ ಬಿಟ್ಟಂತೆಯೇ ಮ್ಯೂಟ್‌ನಲ್ಲಿ ಬಿಟ್ಟು ನೋಡಿದರೆ 0.41 ಆಂಪಿಯರ್. ಮಂಗಳವಾರ ಸಂಜೆ ಏಳರಿಂದ ಶುಕ್ರವಾರ ಬೆಳಿಗ್ಗೆ ಐದೂವರೆಗೆ 58 ಗಂಟೆಗೂ ಹೆಚ್ಚು. ಗುಣಿಸಿದರೆ ಸುಮಾರು 24 ಆಂಪಿಯರ್-ಅವರ್. ನಮ್ಮ ಬ್ಯಾಟರಿಯ ಸಾಮರ್ಥ್ಯವೇ 35. ನನ್ನ ತಪ್ಪಿಗೆ ಒಂದು ಸಂಖ್ಯೆ ಸಿಕ್ಕಿತು. ಸಂಖ್ಯೆ ಸಿಕ್ಕ ಮೇಲೆ ಒಂಥರಾ ಧೈರ್ಯ ಬಂತು.

ಆಮೇಲೆ ಹಳೇ ಟೇಪ್ ಎಲ್ಲ ಕಿತ್ತು, ವೈರಿನ ತುದಿಗಳು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಮಾಡಿ, ಬ್ಯಾಟರಿ ಮತ್ತೆ ಜೋಡಿಸಿ ಪ್ರತಿ ವೈರನ್ನೂ ಮೂರು ಸ್ಥಿತಿಯಲ್ಲಿ ಅಳೆದು ಬರೆದೆ: ಕೀ ಇಲ್ಲದೆ, ಕೀ ಒಂದು ಹೆಜ್ಜೆ ತಿರುಗಿಸಿ, ಹೆಡ್‌ಲೈಟ್ ಹಾಕಿ. ಮೊದಲ ಕೆಂಪು ಮೂರರಲ್ಲೂ 12.4, ಹಾಗಾದರೆ ಅದು ಬ್ಯಾಟರಿ ಲೈನು. ಎರಡನೇ ಕೆಂಪು, ನಾನು ತುಕ್ಕೆಂದು ಬಿಟ್ಟಿದ್ದು, ಕೀ ಇಲ್ಲದೆ ಸೊನ್ನೆ, ಕೀ ಹಾಕಿದರೆ 12.4. ಹುಡುಕುತ್ತಿದ್ದದ್ದು ಅದೇ. ಮೂರನೆಯದೊಂದು ಹೆಡ್‌ಲೈಟ್ ಹಾಕಿದಾಗ ಮಾತ್ರ ಜೀವ ಪಡೆಯುತ್ತಿತ್ತು, ಗುಂಡಿಗಳ ದೀಪಕ್ಕಿರುವ ಲೈನು. ಬಣ್ಣ ಸುಳ್ಳು ಹೇಳಬಹುದು, ಮೂರು ಸಲ ಅಳೆದ ವೋಲ್ಟೇಜ್ ಹೇಳುವುದಿಲ್ಲ.

ಹಿಂದಿನ ಸ್ಪೀಕರುಗಳಲ್ಲಿ ಇನ್ನೊಂದು ಗುಂಡಿ ಕಾದಿತ್ತು. ಮತ್ತೆ ಬ್ಯಾಟರಿ ಕಳಚಿ ಓಮ್ ರೇಂಜಿನಲ್ಲಿ ನೋಡಿದೆ. 4 ಓಮ್ ಸ್ಪೀಕರ್ ಮೀಟರಿನಲ್ಲಿ ಮೂರೂವರೆ ಓಮ್ ಆಸುಪಾಸು ತೋರಿಸುತ್ತದೆ, ಅದು ಸರಿಯಿತ್ತು. ಆದರೆ ಎರಡೂ ಸ್ಪೀಕರಿನ ನೆಗೆಟಿವ್ ವೈರ್ ಮತ್ತು ಕಾರಿನ ಬಾಡಿ ನಡುವೆ ಮೀಟರ್ ಬೀಪ್ ಎಂದಿತು. ವೈರ್ ಉಳಿಸಲು ಯಾರೋ ನೆಗೆಟಿವ್‌ಗಳನ್ನು ಡಿಕ್ಕಿಯಲ್ಲೇ ಬಾಡಿಗೆ ಬೋಲ್ಟ್ ಮಾಡಿದ್ದರು. ಹಳೇ ಕಾಲದ ಸೆಟ್ಟಿಗೆ ಅದು ನಡೆಯುತ್ತಿತ್ತು. ಈಗಿನವುಗಳಲ್ಲಿರುವುದು ಬ್ರಿಡ್ಜ್ ಆ್ಯಂಪ್ಲಿಫೈಯರ್. ಸ್ಪೀಕರಿನ ಎರಡೂ ವೈರುಗಳಲ್ಲಿ ಸಪ್ಲೈನ ಅರ್ಧದಷ್ಟು, ಅಂದರೆ ಆರೇಳು ವೋಲ್ಟ್ ಇರುತ್ತದೆ. ನೆಗೆಟಿವ್ ಎಂದು ಹೆಸರಿದ್ದರೂ ಅದು ಅರ್ತ್ ಅಲ್ಲ. ಬಾಡಿಗೆ ತಾಗಿದರೆ ಶಾರ್ಟ್, ಚಿಪ್ ಸುಡಬಹುದು. ಮಂಗಳವಾರ ಹೊತ್ತು ಮುಳುಗಿ ಹಿಂದಿನ ಸ್ಪೀಕರ್ ಜೋಡಿಸದೆ ಬಿಟ್ಟದ್ದೇ ಸೆಟ್ಟಿನ ಪುಣ್ಯ. ಕಾರ್ಪೆಟ್ ಎಬ್ಬಿಸಿ ಹಿಂದಿನವರೆಗೆ ಎರಡು ಜೊತೆ ಹೊಸ ವೈರ್ ಎಳೆದೆ. ಸ್ಪೀಕರಿನ ಪಾಸಿಟಿವ್ ಯಾವುದೆಂದು ತಿಳಿಯಲು ಪೆನ್ಸಿಲ್ ಸೆಲ್ ಸಾಕು. ಒಂದು ಕ್ಷಣ ಮುಟ್ಟಿಸಿದಾಗ ಕೋನ್ ಹೊರಗೆ ಉಬ್ಬಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್.

ಜೋಡಣೆಗೆ ಈ ಸಲ ಟೇಪ್ ಬಳಸಲಿಲ್ಲ. ಸೋಲ್ಡರ್ ಮಾಡಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿದೆ. ಕಪ್ಪು ವೈರನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿದೆ. ಕೊನೆಗೆ ಕೀ ತೆಗೆದು, ಮತ್ತೆ ಮೀಟರ್ ನಡುವೆ ಇಟ್ಟು ನೋಡಿದೆ: 0.02 ಆಂಪಿಯರ್. ಈ ಲೆಕ್ಕದಲ್ಲಿ ಬ್ಯಾಟರಿ ಬತ್ತಲು ಎರಡು ತಿಂಗಳ ಮೇಲೆ ಬೇಕು. ನೋಟ್‌ಬುಕ್ಕಿನಲ್ಲಿ ಆ ಅಂಕಿಗೆ ಎರಡು ಗೆರೆ ಎಳೆದೆ. ಯಾರ ರೆಕಾರ್ಡಿನಿಂದಲೂ ನಕಲು ಮಾಡದ ನನ್ನ ಮೊದಲ ರೀಡಿಂಗ್ ಪುಟ ಅದು.

ಭಾನುವಾರ ಸಂಜೆ ಎಫ್.ಎಂ. ಹಾಕಿದರೆ ಮತ್ತೊಂದು ತಮಾಷೆ. ಅಜ್ಜಿಗೆ ಬೇಕಾದ ಮೈಸೂರು ಆಕಾಶವಾಣಿ 100.6ರಲ್ಲಿದೆ. ಸೆಟ್ಟು 100.5ರಿಂದ ನೇರ 100.7ಕ್ಕೆ ಜಿಗಿಯುತ್ತಿತ್ತು! ರೇಡಿಯೊ ಕೆಟ್ಟಿದೆ ಎಂದು ಬೈಯುವ ಬದಲು ಕೈಪಿಡಿ ಓದಿದೆ. ಸೆಟ್ಟಿನಲ್ಲಿ ಪ್ರದೇಶದ ಆಯ್ಕೆ ಅಮೆರಿಕ ಎಂದಿತ್ತು. ಅಲ್ಲಿನ ಎಫ್.ಎಂ. ಸ್ಟೇಷನ್‌ಗಳ ಅಂಕಿ ಬೆಸ ಸಂಖ್ಯೆಯಲ್ಲೇ ಮುಗಿಯುವುದರಿಂದ ಸೆಟ್ಟೂ 0.2ರ ಹೆಜ್ಜೆ ಹಾಕುತ್ತದೆ. ಯುರೋಪ್ ಎಂದು ಬದಲಾಯಿಸಿದ ಮೇಲೆ 100.6 ಸಿಕ್ಕಿತು. ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ರೇಡಿಯೊ ಶುರು ಮಾಡಿದ ಊರಿನ ಸ್ಟೇಷನ್ನು ನಮ್ಮ ಕಾರಿಗೆ ಬರಲು ಒಂದು ಮೆನುವಿನ ತಪ್ಪು ಅಡ್ಡ ನಿಂತಿತ್ತು.

ಖರ್ಚು ಒಟ್ಟು 1,850 ರೂಪಾಯಿ: ಸೆಟ್ 1,450, ಸ್ಪೀಕರ್ ವೈರ್ 220, ಸ್ಲೀವ್ ಮತ್ತು ಸಣ್ಣಪುಟ್ಟ ಸಾಮಾನು 180. ಫಿಟ್ಟಿಂಗ್ ಚಾರ್ಜ್ ಏಳುನೂರು ಉಳಿಯಿತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅಜ್ಜಿ ಬೆಂಚಿನ ಮೇಲೆ ಕೂತದ್ದನ್ನು ಆ ಪಟ್ಟಿಯಲ್ಲಿ ಎಲ್ಲಿ ಬರೆಯಲಿ?

ನೀವೂ ಕೈ ಹಾಕುವವರಾದರೆ ನಾಲ್ಕು ಮಾತು. ವೈರ್ ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಪಾಸಿಟಿವ್ ಮೊದಲು ಬಿಚ್ಚಿದರೆ ಸ್ಪ್ಯಾನರ್ ಬಾಡಿಗೆ ತಾಗಿ ಶಾರ್ಟ್ ಆಗುತ್ತದೆ. ಫ್ಯೂಸ್ ಹೋದರೆ ಅದೇ ಆಂಪಿಯರಿನದನ್ನೇ ಹಾಕಿ. ದೊಡ್ಡದು ಹಾಕಿದರೆ ಫ್ಯೂಸಿನ ಬದಲು ವೈರ್ ಸುಡುತ್ತದೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಹಳದಿ ಕವಚದ ಕನೆಕ್ಟರುಗಳ ತಂಟೆಗೆ ಹೋಗಬೇಡಿ. ಹೊಸ ಕಾರಾದರೆ ವೈರ್ ಕತ್ತರಿಸದೆ, ಆ ಮಾಡೆಲ್ಲಿಗೆಂದೇ ಸಿಗುವ ಕಪ್ಲರ್ ಕೊಳ್ಳಿ, ಇಲ್ಲವಾದರೆ ವಾರಂಟಿಗೆ ತಕರಾರು. ಮತ್ತೆ, ಮರುದಿನ ಯಾರಿಗೋ ಆಸ್ಪತ್ರೆಗೆ ಹೋಗಲು ಬೇಕಾದ ಗಾಡಿಯಲ್ಲಿ ಹಿಂದಿನ ಸಂಜೆ ಪ್ರಯೋಗ ಮಾಡಬೇಡಿ.

ಇಂಟರ್‌ವ್ಯೂಗಳಲ್ಲಿ ‘ನೀನೇ ಮಾಡಿದ ಒಂದು ಕೆಲಸ ಹೇಳು’ ಎಂದು ಕೇಳುತ್ತಾರಂತೆ. ಮುಂದಿನ ವರ್ಷ ನಮ್ಮ ಸರದಿ. ನಾನು ಈ ಕಾರಿನ ಕತೆ ಹೇಳಬೇಕೆಂದಿದ್ದೇನೆ, 0.02 ಅಷ್ಟೇ ಅಲ್ಲ, 0.41 ಕೂಡ ಸೇರಿಸಿ. ಅವರಿಗೆ ಮೆಚ್ಚುಗೆಯಾಗುತ್ತದೋ ಇಲ್ಲವೋ ಗೊತ್ತಿಲ್ಲ. ಈ ಸೆಮಿಸ್ಟರಿನಲ್ಲಿ ಲ್ಯಾಬ್ ರೆಕಾರ್ಡ್ ಮಾತ್ರ ನನ್ನದೇ ರೀಡಿಂಗಿನಿಂದ ಬರೆಯುತ್ತಿದ್ದೇನೆ. ಒಂದು ಗ್ರಾಫ್ ಸೊಟ್ಟಗೆ ಬಂದು ಮಾರ್ಕ್ಸ್ ಕಡಿಮೆಯಾಯಿತು. ಸೊಟ್ಟ ಯಾಕೆ ಬಂತು ಎಂದು ಹುಡುಕಿದಾಗ ಬ್ರೆಡ್‌ಬೋರ್ಡಿನ ಒಂದು ಸಡಿಲ ಜಾಗ ಸಿಕ್ಕಿತು.

ಆ ಮಂಗಳವಾರ ಐದೂವರೆಗೆ ನಾನೂ ಎದ್ದು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಕೀ ತಿರುಗಿಸಿದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮಧ್ಯಾಹ್ನ ಬಂದ ಅಜ್ಜಿ, ‘ಹೋಗ್ತಾ ವಾರ್ತೆ ಕೇಳ್ದೆ, ಬರ್ತಾ ಹಾಡು ಹಾಕಿದ್ರು, ನಿದ್ದೆ ಬಂದ್ಬಿಡ್ತು’ ಅಂದಳು. ಅಪ್ಪ ಕಾರಿಗೆ ಟಾರ್ಪಾಲ್ ಎಳೆದು, ಒಳಗೆ ಹೋಗುತ್ತಾ ಹೇಳಿದರು: ‘ಮೊಪೆಡ್ ಹಾರ್ನ್ ಬಡೀತಿಲ್ಲ. ಬಿಡುವಾದಾಗ ನೋಡು.’